ಪಾದರಸದ ಹಳೆಯ ಥರ್ಮಾಮೀಟರ್, ಥರ್ಮೋಸ್ಟಾಟ್ ಮನೆಯಲ್ಲಿದ್ದರೆ

ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಬೆರಳುಗಳ ನಡುವೆ ನಿಧಾನವಾಗಿ ಹೊರಳಿಸಿದರೆ, ಕೂದಲೆಳೆಯಂತಿದ್ದ ಬೆಳ್ಳಿಗೆರೆ ಒಂದು ಕೋನದಲ್ಲಿ ಥಟ್ಟನೆ ಅಗಲವಾಗಿ ಕಾಣುತ್ತದೆ. ಅಲ್ಲಿ ಗಾಜೇ ಭೂತಗನ್ನಡಿಯ ಕೆಲಸ ಮಾಡುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಪಾದರಸ ಹಿಗ್ಗುವುದು ತನ್ನ ಗಾತ್ರದ ಸುಮಾರು 5,500ನೇ ಒಂದು ಪಾಲಿನಷ್ಟು ಮಾತ್ರ, ಅಷ್ಟು ಸಣ್ಣ ಬದಲಾವಣೆಯೂ ಕಣ್ಣಿಗೆ ಬೀಳಲೆಂದು ಕೊಳವೆಯನ್ನು ಅಷ್ಟು ಕಿರಿದಾಗಿ ಮಾಡಿರುತ್ತಾರೆ. ಬುಡದ ಗುಂಡಿನ ಮೇಲ್ಭಾಗದಲ್ಲಿ ಅದು ಇನ್ನಷ್ಟು ಇಕ್ಕಟ್ಟಾಗಿರುವುದರಿಂದ, ಬಾಯಿಂದ ತೆಗೆದ ಮೇಲೆ ಪಾದರಸದ ಎಳೆ ಅಲ್ಲಿಯೇ ತುಂಡಾಗಿ, ಮೇಲಿನ ಭಾಗ ಏರಿದಲ್ಲೇ ನಿಲ್ಲುತ್ತದೆ. ಆದ್ದರಿಂದ ಪ್ರತಿ ಸಲವೂ ಕೊಡವಿ ಕೆಳಗಿಳಿಸದಿದ್ದರೆ ಹಿಂದಿನವರ ಜ್ವರವನ್ನೇ ಮತ್ತೆ ಓದಿದಂತಾಗುತ್ತದೆ. ತೊಳೆಯಲು ತಣ್ಣೀರೇ ಸಾಕು. ಅಳತೆ 42 ಡಿಗ್ರಿಗೆ ಮುಗಿಯುವ ಈ ಕೊಳವೆ ಬಿಸಿನೀರಿನಲ್ಲಿ ಒಡೆಯಬಹುದು.

ಕೋಣೆಯ ಬಿಸಿಗೆ ತಕ್ಕಂತೆ ಹೀಟರನ್ನು ತಾನೇ ಹೊತ್ತಿಸಿ ಆರಿಸುವ, ಗೋಡೆಯ ಹಳೆಯ ಥರ್ಮೋಸ್ಟಾಟಿನಲ್ಲಿಯೂ ಪಾದರಸವೇ ಬಿಸಿಯನ್ನು ಅಳೆಯುತ್ತದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಅಲ್ಲಿ ಅಳೆಯುವುದು ಎರಡು ಲೋಹಗಳನ್ನು ಬೆಸೆದು ಸುತ್ತಿದ ಪಟ್ಟಿಯ ಸುರುಳಿ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಸುರುಳಿ ಬಿಗಿಯುತ್ತ, ಸಡಿಲವಾಗುತ್ತ, ತನ್ನ ಮೇಲೆ ಕೂತ ಪುಟ್ಟ ಗಾಜಿನ ಕೊಳವೆಯನ್ನು ಓರೆಮಾಡುತ್ತದೆ, ಒಳಗಿನ ಪಾದರಸದ ಗುಂಡು ಉರುಳಿ ಎರಡು ತಂತಿಗಳನ್ನು ಕೂಡಿಸಿದರೆ ಹೀಟರ್ ಹೊತ್ತಿಕೊಳ್ಳುತ್ತದೆ, ಮರಳಿ ಉರುಳಿದರೆ ಆರುತ್ತದೆ. ಪೆಟ್ಟಿಗೆ ಗೋಡೆಯ ಮೇಲೆ ತುಸು ವಾಲಿದ್ದರೂ ಹೀಟರ್ ಬೇರೆಯದೇ ಬಿಸಿಗೆ ಹೊತ್ತುತ್ತದೆ. ರಿಪೇರಿಗೆ ಕರೆಯುವ ಮುನ್ನ ಮಟ್ಟಗೋಲು ಇಟ್ಟು ನೋಡಿ.

ಒಮ್ಮೆ ನನ್ನ ಕೈಯಿಂದ ಥರ್ಮಾಮೀಟರ್ ಜಾರಿ ಒಡೆದಾಗ ನಾನು ಪೊರಕೆ ಹಿಡಿದೆ. ಒಂದು ಹನಿ ನೂರು ಹನಿಯಾಗಿ ನೆಲದ ಸಂದುಗಳನ್ನು ಸೇರಿತು. ನೀವು ಹಾಗೆ ಮಾಡಬೇಡಿ, ವ್ಯಾಕ್ಯೂಮ್ ಕ್ಲೀನರನ್ನಂತೂ ಮುಟ್ಟಲೇಬೇಡಿ. ಅದರ ಬಿಸಿಗಾಳಿಯೊಡನೆ ಆವಿ ಮನೆಯೆಲ್ಲ ಹರಡುತ್ತದೆ, ಪಾದರಸದಿಂದ ನಿಜವಾದ ಅಪಾಯ ಉಸಿರಿನೊಂದಿಗೆ ಒಳಹೋಗುವ ಆ ಆವಿಯೇ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಒಳಕೋಣೆಯ ಬಾಗಿಲು ಮುಚ್ಚಿ. ಚಿನ್ನದ ಉಂಗುರ, ಬಳೆ ತೆಗೆದಿಡಿ, ಏಕೆಂದರೆ ಪಾದರಸ ಚಿನ್ನವನ್ನು ಹಿಡಿದು ಬೆಳ್ಳಗಾಗಿಸುತ್ತದೆ. ಕೈಗವಸು ಹಾಕಿಕೊಂಡು, ಗಟ್ಟಿ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಂದುಗೂಡಿಸಿ, ಔಷಧಿ ಡ್ರಾಪರಿನಿಂದ ಹೀರಿ ಬಿಗಿ ಮುಚ್ಚಳದ ಡಬ್ಬಿಗೆ ಬಿಡಿ. ಬಳಿಕ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಹಿಡಿದರೆ ಉಳಿದ ಕಣಗಳು ಮಿನುಗುತ್ತವೆ, ಅವನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಿರಿ. ಅಂಟುಪಟ್ಟಿ, ಕಾಗದ, ಡ್ರಾಪರ್ ಎಲ್ಲವೂ ಅದೇ ಡಬ್ಬಿಗೆ ಸೇರಬೇಕು. ಅದನ್ನು ಬಚ್ಚಲಿಗೂ ಕಸದ ಬುಟ್ಟಿಗೂ ಹಾಕದೆ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಿ.