ಸೆಸ್ನಾದ ಆರ್‌ಪಿಎಂ ಮುಳ್ಳು ಸುಳ್ಳು ಹೇಳಿದಾಗ

ಪೈಲಟ್ ಬರೆದಿಟ್ಟಿದ್ದ ದೂರು ಎರಡೇ ಸಾಲು: ಆರ್‌ಪಿಎಂ ಮುಳ್ಳು ನಡುಗುತ್ತಿದೆ, ಫುಲ್ ಥ್ರಾಟಲ್ ಕೊಟ್ಟರೂ 2220 ದಾಟುತ್ತಿಲ್ಲ. ಆರ್‌ಪಿಎಂ ಅಂದರೆ ಪ್ರೊಪೆಲ್ಲರ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ. ವಿಮಾನ ಸೆಸ್ನಾ 172ಎನ್, ತರಬೇತಿಯಲ್ಲಿ ದುಡಿದು ಹಣ್ಣಾದ ಗಾಡಿ. 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಎರಡು ಅಲಗಿನ ಪ್ರೊಪೆಲ್ಲರ್. ಈ ವಿಮಾನ ನಿಂತಲ್ಲೇ ಫುಲ್ ಥ್ರಾಟಲ್‌ನಲ್ಲಿ 2280ರಿಂದ 2400ರೊಳಗೆ ಬರಬೇಕು ಅಂತ ಅದರ ಕೈಪಿಡಿ ಹೇಳುತ್ತದೆ.

ಹ್ಯಾಂಗರಿನಲ್ಲಿ ಅಭಿಪ್ರಾಯಗಳಿಗೇನು ಬರ! ಎಂಜಿನ್ ಸೋತಿದೆ ಅಂದರು ಒಬ್ಬರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಅಂದರು ಇನ್ನೊಬ್ಬರು. ಗಾಳಿ ತೆಳುವಾದರೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ನಿಜ. ಆದರೆ ಅದೇ ತೆಳು ಗಾಳಿಯನ್ನು ತಾನೇ ಪ್ರೊಪೆಲ್ಲರೂ ಕಡೆಯಬೇಕು? ಅದರ ಭಾರವೂ ಇಳಿಯುತ್ತದೆ. ಮಿಕ್ಸ್ಚರ್ ಸರಿಯಾಗಿ ಲೀನ್ ಮಾಡಿದರೆ, ಅಂದರೆ ತೆಳು ಗಾಳಿಗೆ ತಕ್ಕಂತೆ ಇಂಧನ ತಗ್ಗಿಸಿದರೆ, ಈ ಎತ್ತರದಲ್ಲಿ ಆರ್‌ಪಿಎಂ ಅಷ್ಟೊಂದು ಬೀಳುವುದಿಲ್ಲ. ಸಿಲಿಂಡರ್ ಬಿಚ್ಚುವ ಮಾತು ಶುರುವಾಗುವ ಮುಂಚೆ ನನಗೆ ಗೊತ್ತಾಗಬೇಕಿದ್ದದ್ದು ಒಂದೇ: ಪ್ರೊಪೆಲ್ಲರ್ ನಿಜವಾಗಿ ಎಷ್ಟು ಸುತ್ತುತ್ತಿದೆ?

ಅದಕ್ಕೆ ಆಪ್ಟಿಕಲ್ ಟ್ಯಾಕೋಮೀಟರ್ ಬೇಕು. ಅಲಗು ಹಾದುಹೋದಾಗಲೆಲ್ಲ ಬೆಳಕು ಕತ್ತರಿಸುವುದನ್ನು ಎಣಿಸುವ, ಕೈಯಲ್ಲಿ ಹಿಡಿಯುವ ಪೆಟ್ಟಿಗೆ. ನಮ್ಮಲ್ಲಿದ್ದದ್ದನ್ನೂ ನಾನು ಕಣ್ಣು ಮುಚ್ಚಿ ನಂಬಲಿಲ್ಲ. ಟೂಲ್ ರೂಮಿನಲ್ಲಿ ಹಳೇ ಕಾಲದ, ಚೋಕ್ ಇರುವ ಟ್ಯೂಬ್‌ಲೈಟ್ ಒಂದು ಉಳಿದುಕೊಂಡಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅಂದರೆ ನಿಮಿಷಕ್ಕೆ 6000. ಎರಡು ಅಲಗಿನ ಸೆಟ್ಟಿಂಗ್ ಇಟ್ಟು ಅದರತ್ತ ಹಿಡಿದರೆ ಪೆಟ್ಟಿಗೆ 3000 ತೋರಿಸಬೇಕು. ತೋರಿಸಿತು. (ಹೊಸ ಎಲ್‌ಇಡಿ ದೀಪದ ಮುಂದೆ ಇದನ್ನು ಮಾಡಿ ನೋಡಬೇಡಿ, ಏನೇನೋ ಅಂಕಿ ಬರುತ್ತದೆ.)

ಗಾಳಿ ಇಲ್ಲದ ಬೆಳಗ್ಗೆ, ಜಲ್ಲಿಕಲ್ಲಿಲ್ಲದ ಜಾಗದಲ್ಲಿ ವಿಮಾನ ನಿಲ್ಲಿಸಿ, ಒಬ್ಬರು ಬ್ರೇಕ್ ಒತ್ತಿ ಹಿಡಿದು ಕೂತರು. ನಾನು ಬಲಗಡೆ ಸೀಟಿನಿಂದ ವಿಂಡ್‌ಸ್ಕ್ರೀನ್ ಮೂಲಕ ಆಕಾಶದ ಬೆಳಕಿಗೆ ಎದುರಾಗಿ ಅಳೆದೆ. ಪ್ರೊಪೆಲ್ಲರ್ ಮುಂದೆ ನಿಂತು ಅಳೆಯುವ ಶೂರರೂ ಇದ್ದಾರೆ. ಆ ಸಹವಾಸ ಬೇಡ. ಪೆಟ್ಟಿಗೆಯಲ್ಲಿ 1000 ಇದ್ದಾಗ ಮುಳ್ಳು 950ರ ಆಸುಪಾಸಿನಲ್ಲಿ ನಡುಗುತ್ತಿತ್ತು. 1800 ಇದ್ದಾಗ 1710. ಫುಲ್ ಥ್ರಾಟಲ್‌ನಲ್ಲಿ ಪೆಟ್ಟಿಗೆ 2340, ಮುಳ್ಳು ಅದೇ 2220. ಎಂಜಿನ್ ಗಟ್ಟಿಮುಟ್ಟಾಗಿತ್ತು, ಮೀಟರು ಎಲ್ಲ ಕಡೆಯೂ ನೂರಕ್ಕೆ ಐದರಷ್ಟು ಕಡಿಮೆ ಹೇಳುತ್ತಿತ್ತು.

ಇಲ್ಲಿಂದ ಮುಂದೆ ಹೆಚ್ಚಿನವರು ಕೇಬಲ್ ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ಈ ಮೀಟರು ಕೆಲಸ ಮಾಡುವುದು ಹಳೇ ಸ್ಕೂಟರಿನ ಸ್ಪೀಡೋಮೀಟರಿನ ಹಾಗೆಯೇ. ಎಂಜಿನ್ನಿನ ಹಿಂಭಾಗದಿಂದ ಹೊರಟ ಕೇಬಲ್, ಕ್ರ್ಯಾಂಕಿನ (ಪ್ರೊಪೆಲ್ಲರ್ ತಿರುಗಿಸುವ ಎಂಜಿನ್ ದಂಡದ) ಅರ್ಧ ವೇಗದಲ್ಲಿ ಸುತ್ತುತ್ತ, ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತ ತನ್ನ ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗು ಅದನ್ನು ತಡೆಯುತ್ತದೆ. ಈ ಎಳೆದಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು. ಕೇಬಲ್ಲಿನ ತುದಿ ಚೌಕಾಕಾರ. ಅದು ಸುತ್ತಿದರೆ ಪೂರ್ತಿ ಸುತ್ತುತ್ತದೆ, ಇಲ್ಲ ಅಂದರೆ ತುಂಡಾಗುತ್ತದೆ. ನೂರಕ್ಕೆ ಐದು ಜಾರುವ ದಾರಿಯೇ ಇಲ್ಲ. ಹಾಗಾಗಿ ನಡುಕ ಕೇಬಲ್ಲಿನದು, ಕಡಿಮೆ ಓದುವುದು ಮೀಟರಿನದು. ಕಾಯಿಲೆ ಎರಡು ಅಂತ ಲೆಕ್ಕ ಹಾಕಿದೆ. ಮುಳ್ಳು ತನ್ನ ಕಡ್ಡಿಯ ಮೇಲೆ ಸರಿದಿದ್ದರೆ ಎಲ್ಲ ಕಡೆ ಒಂದೇ ಅಂಕಿಯಷ್ಟು ವ್ಯತ್ಯಾಸ ಬರುತ್ತಿತ್ತು. ವೇಗ ಏರಿದಷ್ಟೂ ಅಂತರ ಬೆಳೆಯುತ್ತಿದೆ ಅಂದರೆ ಅನುಮಾನ ವಯಸ್ಸಾದ ಅಯಸ್ಕಾಂತದ ಮೇಲೆ.

ಕೇಬಲ್ ಹೊರಗೆಳೆದಾಗ ಅದರ ಕಥೆ ಅದೇ ಹೇಳಿತು. ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ದಾಟುವ ಜಾಗದ ಹತ್ತಿರ ಯಾರೋ ಟೈ ಬಿಗಿದು ಹೊರಕವಚವನ್ನು ಗಕ್ಕನೆ ಬಗ್ಗಿಸಿದ್ದರು. ಒಳಗಿನ ಗ್ರೀಸು ಒಣಗಿ, ಉಜ್ಜಿದರೆ ಕಾಫಿಪುಡಿ ಬಣ್ಣದ ಹುಡಿಯಾಗಿ ಬೆರಳಿಗೆ ಅಂಟಿತು. ಒಳತಂತಿಯನ್ನು ಗ್ರಾನೈಟ್ ಹಲಗೆಯ ಮೇಲೆ ಉರುಳಿಸಿದಾಗ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಟಕ್ ಅಂತ ಎಗರಿತು. ಒಣಗಿದ ಕೇಬಲ್ ಹುರಿಗೊಂಡು, ಬಿಟ್ಟುಕೊಂಡು, ಮತ್ತೆ ಹುರಿಗೊಳ್ಳುತ್ತದೆ. ನಿಧಾನ ವೇಗದಲ್ಲಿ ಮುಳ್ಳು ಹೆಚ್ಚು ನಡುಗುವುದು ಅದಕ್ಕೇ. ಹೊಸ ಕೇಬಲ್ಲಿಗೆ ಗ್ರೀಸನ್ನು ಎಂಜಿನ್ ಕಡೆಯ ಮುಕ್ಕಾಲು ಪಾಲಿಗಷ್ಟೇ, ತೆಳುವಾಗಿ ಸವರಿದೆ. ಮೇಲಿನ ತುದಿಗೂ ಬಳಿದರೆ ಅದು ತಂತಿ ಹಿಡಿದು ಮೀಟರಿನೊಳಗೆ ಹತ್ತಿ ಕೂರುತ್ತದೆ. ತಿರುವುಗಳನ್ನು ಅಗಲವಾಗಿ ಬಿಟ್ಟು ಕಟ್ಟಿದೆ.

ಎಂಜಿನ್ ಚಾಲೂ ಮಾಡಿದರೆ ಮುಳ್ಳು ಗೆರೆ ಎಳೆದಂತೆ ನಿಂತಿತು. ಅಲ್ಲಿಗೆ ಎಲ್ಲರಿಗೂ ಸಮಾಧಾನ. ಆದರೆ ಫುಲ್ ಥ್ರಾಟಲ್‌ನಲ್ಲಿ ಅದು ತೋರಿಸಿದ್ದು ಮತ್ತೆ 2220.

"ಐದು ಪರ್ಸೆಂಟ್ ತಾನೇ, ಹಾರಿಸಬಹುದಲ್ಲ" ಅನ್ನುವ ಮಾತೂ ಬಂತು. ಹೆಚ್ಚು ತೋರಿಸುವ ಮೀಟರಾದರೆ ಪೈಲಟ್ ಥ್ರಾಟಲ್ ಇಳಿಸುತ್ತಾನೆ, ಎಂಜಿನ್ನಿಗೆ ಹಾನಿಯಿಲ್ಲ. ಕಡಿಮೆ ತೋರಿಸುವುದು ಕೆಟ್ಟದ್ದು. 2700ರ ಕೆಂಪು ಗೆರೆಯ ಮೇಲೆ ಮುಳ್ಳು ಇದೆ ಅಂದರೆ ಎಂಜಿನ್ ಆಗಲೇ 2840ರ ಹತ್ತಿರ. ಕ್ರೂಸ್‌ನಲ್ಲಿ 2400 ಇಟ್ಟೆ ಅಂದುಕೊಂಡವನು ನಿಜವಾಗಿ 2500ರ ಮೇಲೆ ಹಾರುತ್ತಿರುತ್ತಾನೆ. ಅವನ ಇಂಧನದ ಲೆಕ್ಕ ಮಾತ್ರ 2400ರದ್ದು. ವಿದ್ಯಾರ್ಥಿಗಳು ಒಬ್ಬೊಬ್ಬರೇ ದೂರದ ಹಾರಾಟಕ್ಕೆ ಹೋಗುವ ವಿಮಾನ ಇದು. ಸಹಿ ಹಾಕಲು ನನ್ನ ಕೈ ಬರಲಿಲ್ಲ.

ಮೀಟರು ಬಿಚ್ಚಿ ಸ್ಪ್ರಿಂಗು ಸರಿಪಡಿಸುವುದು ನಮ್ಮ ಲೈಸೆನ್ಸಿನ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಅನುಮೋದಿತ ಇನ್‌ಸ್ಟ್ರುಮೆಂಟ್ ಶಾಪ್ ಬೇಕು. ಬಿಡುಗಡೆ ಪತ್ರದ ಸಮೇತ ಬಂದ ಬದಲಿ ಮೀಟರನ್ನೇ ಕೂರಿಸಿ ಮತ್ತೆ ಅಳೆದೆವು. ಪೆಟ್ಟಿಗೆಗೂ ಮುಳ್ಳಿಗೂ ಈಗ ಗೆರೆಯ ದಪ್ಪದಷ್ಟೇ ವ್ಯತ್ಯಾಸ.

ಕೊನೆಗೆ ಉಳಿದದ್ದು ಗಂಟೆಯ ತಕರಾರು. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಎಣಿಸುವ ಅಂಕಿಗಳೂ ಇದೇ ಮೀಟರಿನಲ್ಲಿವೆ. ಮುಳ್ಳು ಕಡಿಮೆ ಓದುತ್ತಿತ್ತು ಅಂದಮೇಲೆ ಮೀಟರಿನ ಗಂಟೆಯೂ ಕಡಿಮೆಯೇ, ನೂರು ಗಂಟೆಯ ತಪಾಸಣೆ ದಾಟಿಹೋಗಿರಬೇಕು ಅಂತ ಒಬ್ಬರು ಗಾಬರಿಯಾದರು. ಗಂಟೆಯ ಅಂಕಿಗಳನ್ನು ಉರುಳಿಸುವುದು ಹಲ್ಲುಚಕ್ರ, ಅಯಸ್ಕಾಂತ ಅಲ್ಲ. ಕೇಬಲ್ ಸುತ್ತಿದಷ್ಟೂ ಅದು ಎಣಿಸಿದೆ, ಆ ಲೆಕ್ಕ ಸರಿಯಾಗಿಯೇ ಇತ್ತು. ಹಳೇ ಮೀಟರಿನ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಎರಡರ ವ್ಯತ್ಯಾಸ, ಮೂರನ್ನೂ ಲಾಗ್‌ಬುಕ್ಕಿನಲ್ಲಿ ಬರೆದು ವಿಮಾನವನ್ನು ಹಾರಾಟಕ್ಕೆ ಬಿಟ್ಟುಕೊಟ್ಟೆ.