ಹಳೆ ಝೆನ್ ಟ್ರ್ಯಾಕ್ ಗಾಡಿ ಆದದ್ದು: ಮೊದಲು ಅಳತೆ, ಆಮೇಲೆ ವೆಲ್ಡಿಂಗ್

ಹೋದ ತಿಂಗಳು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನನ್ನ ಮಾರುತಿ ಝೆನ್ ಕಾರು ಮೊದಲಿಗಿಂತ ಮೂರೂವರೆ ಸೆಕೆಂಡ್ ಬೇಗ ಲ್ಯಾಪ್ ಮುಗಿಸಿತು. ಎಂಜಿನ್ ಮುಟ್ಟಿಲ್ಲ, ಟೈರ್ ಕೂಡ ಅವೇ. "ಈ ಹಳೆ ಗಾಡಿಗೆ ಯಾಕೆ ಸಾರ್ ಇಷ್ಟು ದುಡ್ಡು ಸುರೀತೀರಾ, ಎಸ್ಟೀಮ್ ಕಾರಿನ ದೊಡ್ಡ ಎಂಜಿನ್ ಕೂರಿಸಿ ಸಾಕು" ಅಂತ ಎರಡು ವರ್ಷ ಹೇಳಿದವರು ಈಗ ಫೋನ್ ಮಾಡಿ ಸ್ಪ್ರಿಂಗ್ ಲೆಕ್ಕ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಗಾಡಿ ತಗ್ಗಿಸೋಕೆ ಮೊದಲು ನಾನೂ ಸ್ಪ್ರಿಂಗ್ ಕತ್ತರಿಸಿದೆ, ಒಂದೂವರೆ ಸುತ್ತು. ಗಾಡಿ ನೋಡೋಕೆ ಚೆನ್ನಾಗಿ ಕೂತಿತು. ಜ್ಯಾಕ್ ಹಾಕಿ ಎತ್ತಿದರೆ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲ, ಎರಡು ಬೆರಳಲ್ಲಿ ತಿರುಗಿಸಬಹುದಿತ್ತು. ಶಾಕಪ್ಸರ್‌ಗೆ ಓಡಾಡಲು ಜಾಗವೇ ಉಳಿದಿರಲಿಲ್ಲ, ಕೊನೆಗೆ ತಡೆಯುವ ರಬ್ಬರ್ ಬಂಪ್ ಸ್ಟಾಪ್ ಮೇಲೇ ಗಾಡಿ ಓಡುತ್ತಿತ್ತು. ಅದನ್ನು ಬಿಸಾಕಿ ಪೀಣ್ಯದಲ್ಲಿ ಹೊಸದು ಸುತ್ತಿಸಿದೆ. ಮುಂದಿನದ್ದು ಒಂದು ಮಿಮೀ ಒತ್ತಲು ನಾಲ್ಕು ಕೆಜಿ ಬೇಕು, ಹಿಂದಿನದ್ದಕ್ಕೆ ಮೂರರ ಹತ್ತಿರ. ನಾಲ್ಕಕ್ಕೂ ಸೇರಿ ಹನ್ನೊಂದು ಸಾವಿರ ಆಯ್ತು. ಆದರೂ ತಿರುವಿನಲ್ಲಿ ಬಾಡಿ ವಾಲುವುದು ಏನೂ ಕಡಿಮೆಯಾದ ಹಾಗಿರಲಿಲ್ಲ, ಮೂತಿ ಹೊರಗೇ ಜಾರುತ್ತಿತ್ತು.

ತಪ್ಪು ಲೋಯರ್ ಆರ್ಮ್‌ನಲ್ಲಿತ್ತು, ಅಂದರೆ ಮುಂದಿನ ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿಡುವ ತೋಳಿನಲ್ಲಿ. ಗಾಡಿ 45 ಮಿಮೀ ಇಳಿಸಿದಾಗ ಆರ್ಮ್‌ನ ಚಕ್ರದ ಕಡೆಯ ತುದಿ ಒಳಗಿನ ಬುಷ್‌ಗಿಂತ ಮೇಲೆ ಹೋಗಿತ್ತು. ಸ್ಪ್ರಿಂಗು ಶಾಕಪ್ಸರ್ ಒಂದೇ ಕಂಬದಲ್ಲಿರುವ ಸ್ಟ್ರಟ್ ಗಾಡಿಯಲ್ಲಿ ಹಾಗಾದರೆ ಬಾಡಿ ಇಳಿದದ್ದಕ್ಕಿಂತ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಜಾಸ್ತಿ ಇಳಿಯುತ್ತೆ, ಗಟ್ಟಿ ಸ್ಪ್ರಿಂಗಿನ ಲಾಭವನ್ನೆಲ್ಲ ಅದೇ ತಿಂದುಬಿಡುತ್ತೆ. ಲೇತ್ ಅಣ್ಣನ ಹತ್ತಿರ ಇಎನ್24 ಸ್ಟೀಲಿನಲ್ಲಿ ಉದ್ದ ಪಿನ್ ಮಾಡಿಸಿ, ಆರ್ಮ್ ಚಕ್ರದ ಕಡೆ ಸೇರುವ ಬಾಲ್ ಜಾಯಿಂಟನ್ನು 25 ಮಿಮೀ ಕೆಳಗೆ ತಂದೆ. 13 ಇಂಚಿನ ರಿಮ್ ಒಳಗೆ ಉಳಿದದ್ದು ಆರೇಳು ಮಿಮೀ ಸಂದು, ಇನ್ನೂ ಇಳಿಸುವ ಆಸೆ ಬೇಡ. ಪಿನ್ ಮುರಿದರೆ ಚಕ್ರವೇ ಕಳಚುತ್ತೆ. ಅದಕ್ಕೆ ಪ್ರತಿ ಟ್ರ್ಯಾಕ್ ದಿನದ ನಂತರ ಬಿಚ್ಚಿ, ಬಣ್ಣ ಸವರಿ ಬಿರುಕು ನೋಡುತ್ತೇನೆ. ಪಿನ್ ಹದ ಮಾಡಿಸಿದ್ದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಾಲ್ ಜಾಯಿಂಟ್ ಇಳಿಸಿ, ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಹಾಗೇ ಬಿಟ್ಟರೆ ಬಂಪ್ ಸ್ಟೀರ್ ಬರುತ್ತೆ, ಅಂದರೆ ಚಕ್ರ ಮೇಲೆ ಕೆಳಗೆ ಆದಾಗ ತಾನೇ ತಿರುಗುತ್ತೆ. ನನಗೂ ಬಂತು. ಸ್ಪ್ರಿಂಗ್ ತೆಗೆದು, ಹಬ್‌ಗೆ ಒಂದು ಪ್ಲೇಟ್ ಬೋಲ್ಟ್ ಮಾಡಿ, ಎರಡು ಡಯಲ್ ಗೇಜ್ ಇಟ್ಟು, ಟ್ರಾಲಿ ಜ್ಯಾಕಿನಲ್ಲಿ ಹತ್ತು ಹತ್ತು ಮಿಮೀ ಎತ್ತುತ್ತಾ ಬರೆದುಕೊಂಡೆ. 60 ಮಿಮೀ ಎತ್ತುವಷ್ಟರಲ್ಲಿ ಟೋ, ಅಂದರೆ ಚಕ್ರದ ಮೂತಿ ಒಳಗೆ ಹೊರಗೆ ತಿರುಗಿದ ಅಳತೆ, ಆರು ಮಿಮೀ ಓಡಿತ್ತು. ಟೈ ರಾಡಿನ ಹೊರತುದಿಯನ್ನೂ ಇಳಿಸಿ, ವಾಷರ್ ಬದಲಿಸುತ್ತಾ ಎರಡು ಭಾನುವಾರ ಕೂತ ಮೇಲೆ ಒಂದು ಮಿಮೀಗಿಂತ ಕೆಳಗೆ ಬಂತು. ಈ ಎರಡು ಭಾನುವಾರಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಮೂರೂವರೆ ಸೆಕೆಂಡಿನಲ್ಲಿ ಅರ್ಧ ಇದರಿಂದಲೇ ಬಂದದ್ದು ಅಂತ ನನ್ನ ನಂಬಿಕೆ.

ಗಾಡಿ ಉರುಳಿದರೆ ಕಾಪಾಡಲು ಒಳಗೆ ಕಟ್ಟುವ ಪೈಪಿನ ಚೌಕಟ್ಟು, ಅಂದರೆ ಕೇಜ್ ವಿಷಯದಲ್ಲಿ ಮೋಸ ಹೋದೆ. ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಬೆಸುಗೆ ಇಲ್ಲದ ಪೈಪ್) ಅಂತ ಹೇಳಿ ಒಂದು ಅಂಗಡಿಯವರು ಇಆರ್‌ಡಬ್ಲ್ಯೂ, ಅಂದರೆ ಉದ್ದಕ್ಕೂ ವೆಲ್ಡ್ ಮಾಡಿದ ಪೈಪ್ ಕಟ್ಟಿಕೊಟ್ಟರು, ಹದಿನಾಲ್ಕು ಸಾವಿರ ಹೋಯ್ತು. ಮನೆಗೆ ಬಂದು ಪೈಪಿನೊಳಗೆ ಬೆರಳು ಹಾಕಿ ಸುತ್ತ ಸವರಿದೆ. ಒಂದು ಕಡೆ ದಾರದಷ್ಟು ಸಣ್ಣ ಏಣು ಉಗುರಿಗೆ ತಾಗಿತು. ಅದೇ ವೆಲ್ಡ್ ಗೆರೆ. ಏಣು ಕೆರೆದು ತೆಗೆದಿರುವ ಪೈಪೂ ಬರುತ್ತೆ, ಹಾಗಾಗಿ ಟೆಸ್ಟ್ ಸರ್ಟಿಫಿಕೇಟ್ ಕೇಳಿಯೇ ತಗೊಳ್ಳಿ. ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಮೇನ್ ಹೂಪ್‌ಗೆ (ಸೀಟಿನ ಹಿಂದಿನ ದೊಡ್ಡ ಕಮಾನು) ಒಪ್ಪುವ ಅಳತೆಗಳಲ್ಲಿ ಒಂದು 45 ಮಿಮೀ ಪೈಪ್, 2.5 ಮಿಮೀ ದಪ್ಪ. ನಾನು ಅದನ್ನೇ ಹಿಡಿದೆ.

ಕೇಜ್‌ನಿಂದ ಶೆಲ್, ಅಂದರೆ ಗಾಡಿಯ ತಗಡಿನ ಮೈ, ತಿರುಚದಷ್ಟು ನಿಜವಾಗಿ ಗಟ್ಟಿಯಾಗುತ್ತಾ ಅಂತ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಒಂದು ಪ್ರಯೋಗ ಮಾಡಿದೆ. ಹಿಂಭಾಗ ಸ್ಟ್ಯಾಂಡಿಗೆ ಕಟ್ಟಿ, ಮುಂದಿನ ಕ್ರಾಸ್ ಮೆಂಬರನ್ನು ನಡುವೆ ಒಂದೇ ಆಧಾರದ ಮೇಲೆ ಕೂರಿಸಿ, ಅಡ್ಡ ಕಟ್ಟಿದ ತೊಲೆಯ ತುದಿಗೆ ಎರಡು ಸಿಮೆಂಟ್ ಮೂಟೆ ನೇತುಹಾಕಿದೆ. ಮುಂದೊಂದು ಹಿಂದೊಂದು ಲೇಸರ್ ಪಾಯಿಂಟರ್ ಅಂಟಿಸಿ, ಆರು ಮೀಟರ್ ದೂರದ ಕಾಂಪೌಂಡ್ ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿದೆ. ಮುಂದಿನ ಚುಕ್ಕೆ ಸರಿದದ್ದರಲ್ಲಿ ಹಿಂದಿನ ಚುಕ್ಕೆ ಸರಿದದ್ದನ್ನು ಕಳೆದು ನೋಡಿದರೆ ಬರೀ ಶೆಲ್‌ಗೆ ಸುಮಾರು 30 ಮಿಮೀ, ಕೇಜ್ ಮತ್ತು ಸೀಮ್ ವೆಲ್ಡಿಂಗ್ (ತಗಡಿನ ಜೋಡುಗಳ ಉದ್ದಕ್ಕೂ ಬೆಸುಗೆ) ಆದ ಮೇಲೆ 13. ಎರಡು ಸ್ಟ್ರಟ್‌ಗಳ ತಲೆ ಜೋಡಿಸುವ ಅಂಗಡಿಯ ಸ್ಟ್ರಟ್ ಬಾರ್ ಒಂದನ್ನೇ ಬರೀ ಶೆಲ್‌ಗೆ ಹಾಕಿ ನೋಡಿದಾಗ ಆ 30 ಮಿಮೀ ಕಡಿಮೆಯಾದದ್ದು ಕಣ್ಣಿಗೆ ಕಾಣಲಿಲ್ಲ. ಸುಮ್ನೆ ಆರು ಸಾವಿರ ಹೋಯ್ತು.

ಕಾರ್ನರ್ ವೇಟ್‌ಗೆ, ಅಂದರೆ ಒಂದೊಂದು ಚಕ್ರದ ಮೇಲೆ ಬೀಳುವ ತೂಕ ನೋಡೋಕೆ, ದುಬಾರಿ ಸ್ಕೇಲ್ ಬೇಡ. ಮನೆಯಲ್ಲಿ ತೂಕ ನೋಡುವ ಮೆಷಿನ್ ಎರಡನ್ನು ಹಲಗೆ ಕೆಳಗಿಟ್ಟು ಒಂದೊಂದೇ ಚಕ್ರ ತೂಗಿದೆ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಪ್ಲೈವುಡ್. ಸೀಟಿನಲ್ಲಿ ನನ್ನಷ್ಟೇ ತೂಕದ ಮರಳು ಮೂಟೆ. ಕ್ರಾಸ್ ವೇಟ್, ಅಂದರೆ ಒಟ್ಟು ತೂಕದಲ್ಲಿ ಮೂಲೆಯಿಂದ ಮೂಲೆಗಿರುವ ಎರಡು ಚಕ್ರಗಳ ಪಾಲು, ಶೇಕಡ 54 ಇದ್ದದ್ದು 50.5ಕ್ಕೆ ಬಂತು.

ಶಾಕಪ್ಸರ್ ಒಳಗೆ ಎಣ್ಣೆಯ ಹರಿವನ್ನು ತಡೆಯುವ ತೆಳು ಬಿಲ್ಲೆಗಳ, ಅಂದರೆ ಶಿಮ್ ಜೋಡಣೆ ಬಗ್ಗೆ ಕೇಳಬೇಡಿ, ಹದಿನೇಳು ಸಲ ಬಿಚ್ಚಿ ಕಲಿತದ್ದು ಅದು. ಗಾಡಿ ಬೆಲೆ ಬಿಟ್ಟು ಒಟ್ಟು ಖರ್ಚು 2 ಲಕ್ಷ 80 ಸಾವಿರದ ಹತ್ತಿರ. ಅದರಲ್ಲಿ ಅರವತ್ತು ಸಾವಿರ ತಪ್ಪುಗಳಿಗೇ ಹೋಯಿತು. ಈಗ ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಲ್ಯಾಟರಲ್ ರಾಡ್ ಮೇಲೆ ಕೈಯಿಟ್ಟಿದ್ದೇನೆ. ಗಾಡಿ ಇಳಿಸಿದ್ದಕ್ಕೆ ಆಕ್ಸಲ್ ನಾಲ್ಕು ಮಿಮೀ ಪಕ್ಕಕ್ಕೆ ಸರಿದಿದೆ. ಉದ್ದ ಹೊಂದಿಸುವ ರಾಡ್ ಲೇತಿನಲ್ಲಿದೆ, ಶನಿವಾರ ಕೈಗೆ ಸಿಗುತ್ತೆ.