ಮಿಲ್ಲಿನ ಉಮಿ ಬೂದಿ ನನ್ನ ಬೈಲುಗದ್ದೆಗೆ ಮರಳಿದ ಬಗೆ

ಉಡುಪಿ ಜಿಲ್ಲೆಯ ಬ್ರಹ್ಮಾವರದ ಸಮೀಪ ನಮಗೆ ಎರಡು ಎಕರೆ ಬೈಲುಗದ್ದೆ, ಅಂದರೆ ತಗ್ಗಿನ ಭತ್ತದ ಗದ್ದೆಯಿದೆ. ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಎತ್ತರ ಬೆಳೆಯುವ ಊರಿನ ಕಜೆ ಭತ್ತದ ತಳಿಯನ್ನೇ ನಾಟಿ ಮಾಡುತ್ತ ಬಂದಿದ್ದೇನೆ. ಕೆಲವು ವರ್ಷಗಳಿಂದ ಅಲ್ಲಿ ಒಂದೇ ಬಗೆಯ ತೊಂದರೆ ಮರುಕಳಿಸುತ್ತಿತ್ತು. ನಾಟಿಯಾಗಿ ತಿಂಗಳಾಗುವಷ್ಟರಲ್ಲಿ ನಿಂತ ನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಟ್ಟುತ್ತಿತ್ತು, ಕೆಳಗಿನ ಎಲೆಗಳು ತುದಿಯಿಂದ ಕಂದಾಗುತ್ತಿದ್ದವು, ತೆನೆ ಬಲಿಯುವ ಹೊತ್ತಿಗೆ ಒಂದು ಗಾಳಿಮಳೆ ಬಂದರೂ ಪೈರು ಮಲಗುತ್ತಿತ್ತು. ಯೂರಿಯಾ ಕಡಿಮೆಯಾಗಿರಬಹುದೆಂದು ನಾನು ಇನ್ನಷ್ಟು ಹಾಕಿದೆ. ಎಲೆಗಳು ಕಡುಹಸಿರಾಗಿ ಮತ್ತಷ್ಟು ಜೋತುಬಿದ್ದವು, ಕಂದು ಚುಕ್ಕೆ ರೋಗದ ಜೊತೆಗೆ ಬೆಂಕಿ ರೋಗವೂ ಸೇರಿಕೊಂಡಿತು.

ಮಣ್ಣು ಆರೋಗ್ಯ ಚೀಟಿಯನ್ನು ಹಿಡಿದು ಕುಳಿತಾಗ ಅದರಲ್ಲಿ ಪರೀಕ್ಷಿಸುವ 12 ಅಂಶಗಳ ಪಟ್ಟಿಯಲ್ಲಿ ಸಿಲಿಕಾನಿನ ಹೆಸರೇ ಇಲ್ಲವೆಂಬುದು ಕಣ್ಣಿಗೆ ಬಿತ್ತು. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ. 28ರಷ್ಟು ಸಿಲಿಕಾನೇ ಇರುವಾಗ, ಮರಳಿನ ಕಣಕಣವೂ ಅದರಿಂದಲೇ ಆಗಿರುವಾಗ, ಗದ್ದೆಗೆ ಅದರ ಕೊರತೆ ಬಂದೀತೆಂದು ಯಾರಿಗೆ ತಾನೇ ತೋಚೀತು? ಆದರೆ ಬೇರು ಮರಳನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಮಾನೊಸಿಲಿಸಿಕ್ ಆಮ್ಲದ ರೂಪದಲ್ಲಿ ಮಾತ್ರ ಅದು ಗಿಡದೊಳಗೆ ಹೋಗುತ್ತದೆ, ಮರಳಾದರೋ ಕರಗುವುದು ಬಹಳ ನಿಧಾನ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಸುರಿಯುವ ನಮ್ಮ ಕಡೆ, ಸುಲಭವಾಗಿ ಕರಗುವ ಸಿಲಿಕಾ (ಸಿಲಿಕಾನ್ ಆಮ್ಲಜನಕದೊಡನೆ ಸೇರಿದ ರೂಪ) ಸಾವಿರಾರು ವರ್ಷಗಳಿಂದ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದೆ ಉಳಿದಿವೆ. ನಾವು ಮನೆ ಕಟ್ಟುವ ಮುರಕಲ್ಲು ಹುಟ್ಟಿದ್ದೂ ಹೀಗೆಯೇ.

ಭತ್ತವಂತೂ ಸಿಲಿಕಾನನ್ನು ಆಸೆಪಟ್ಟು ಎಳೆದುಕೊಳ್ಳುವ ಬೆಳೆ. ಅದರ ಬೇರಿನಲ್ಲಿ ಸಿಲಿಕಾನನ್ನು ಒಳಗೆ ಸಾಗಿಸಲೆಂದೇ ಇರುವ ವಾಹಕ ಪ್ರೋಟೀನೊಂದನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು; ಆ ದೇಶದಲ್ಲಿ 1955ರಿಂದಲೇ ಕಬ್ಬಿಣದ ಕುಲುಮೆಯ ಕಿಟ್ಟವನ್ನು ಸಿಲಿಕೇಟ್ ಗೊಬ್ಬರವೆಂದು ಗದ್ದೆಗೆ ಹಾಕುತ್ತಾರೆ. ಒಂದು ಟನ್ ಭತ್ತ ಬೆಳೆದರೆ ಸುಮಾರು 80 ಕಿಲೊ ಸಿಲಿಕಾನ್ ಪೈರಿಗೆ ಸೇರುತ್ತದೆ, ಅದರ ದೊಡ್ಡ ಪಾಲು ಬೈಹುಲ್ಲಿನಲ್ಲೇ ಉಳಿಯುತ್ತದೆ ಎಂಬ ಲೆಕ್ಕವನ್ನು ಓದಿದ ದಿನ ನನಗೆ ನಮ್ಮ ಅಂಗಳ ನೆನಪಾಯಿತು. ಅಪ್ಪನ ಕಾಲದಲ್ಲಿ ಬೈಹುಲ್ಲು ಹಟ್ಟಿಗೆ ಹೋಗಿ ಸೆಗಣಿಯಾಗಿ ಗದ್ದೆಗೆ ಬರುತ್ತಿತ್ತು, ಮಾಡಿಗೆ ಹೊದೆಸಿದ ಹುಲ್ಲು ಕೊಳೆತ ಮೇಲೆ ಅದೂ ಗದ್ದೆಗೇ ಬರುತ್ತಿತ್ತು, ಉಮಿ ಸುಟ್ಟ ಬೂದಿಯನ್ನು ನೇಜಿ (ಭತ್ತದ ಸಸಿ) ಮಡಿಗೆ ಎರಚುತ್ತಿದ್ದರು. ಈಗ ಹಟ್ಟಿಯಲ್ಲಿ ಎರಡೇ ದನ. ಮಿಕ್ಕ ಹುಲ್ಲನ್ನು ಪ್ರತಿ ವರ್ಷ ನಾನೇ ಲಾರಿಗೆ ತುಂಬಿಸಿ ಮಾರುತ್ತಿದ್ದೆ, ಭತ್ತದ ಜೊತೆಗೆ ಉಮಿಯೂ ಮಿಲ್ಲು ಸೇರುತ್ತಿತ್ತು. ಗದ್ದೆಗೆ ಹೆಚ್ಚೇನೂ ಮರಳುತ್ತಿರಲಿಲ್ಲ.

ಕುಚ್ಚಲಕ್ಕಿ ಮಿಲ್ಲುಗಳಲ್ಲಿ ಬಾಯ್ಲರಿಗೆ ಉಮಿಯನ್ನೇ ಉರಿಸುವುದರಿಂದ ಬೂದಿಗೆ ಕೊರತೆಯಿಲ್ಲ. ಉಮಿಯ ತೂಕದ ಐದನೆಯ ಒಂದು ಪಾಲು ಬೂದಿಯಾಗುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾ. ಮೊದಲ ವರ್ಷ ನಾನು ಚೆಂದಕ್ಕೆ ಮರುಳಾಗಿ ಬಿಳಿಯ, ನುಣುಪಾದ ಬೂದಿಯನ್ನೇ ಆರಿಸಿ ತಂದೆ. ಗಾಳಿಯಿದ್ದ ದಿನ ಒಣಬೂದಿ ಎರಚಿ ಎರಡು ದಿನ ಕೆಮ್ಮಿದೆ, ಪೈರಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೂ ಕಾಣಲಿಲ್ಲ. ಉಮಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರಿ ಉರಿದರೆ ಅದರ ಸಿಲಿಕಾ ಹರಳುಗಟ್ಟತೊಡಗುತ್ತದೆ, ಹಾಗಾದ ಸಿಲಿಕಾ ಗದ್ದೆಯ ನೀರಿನಲ್ಲಿ ಸುಲಭವಾಗಿ ಕರಗದು, ಅದರ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು ಎಂಬುದು ಆಮೇಲೆ ತಿಳಿಯಿತು. ಬೇಕಾದದ್ದು ಕಡಿಮೆ ಉರಿಯಲ್ಲಿ ಸುಟ್ಟ, ಉಮಿಕರಿಯ ಹಾಗೆ ಕಪ್ಪುಬೂದು ಬಣ್ಣದ, ಉಮಿಯ ದೋಣಿಯಾಕಾರ ಇನ್ನೂ ಉಳಿದಿರುವ ಬೂದಿ.

ಮರುವರ್ಷ ಅಂಥದ್ದನ್ನೇ ಹುಡುಕಿ ತಂದು, ನೀರು ಚಿಮುಕಿಸಿ ಹಟ್ಟಿಗೊಬ್ಬರದ ಜೊತೆ ಬೆರೆಸಿ, ಕೊನೆಯ ಉಳುಮೆಗೆ ಮೊದಲು ಒಂದು ಎಕರೆಗೆ ಒಂದು ಟನ್ನಿನಂತೆ ಹಾಕಿದೆ. ಪಕ್ಕದ ಎಕರೆಗೆ ಬೂದಿಯೊಂದನ್ನು ಬಿಟ್ಟು ನೇಜಿ, ಗೊಬ್ಬರ, ಯೂರಿಯಾ ಎಲ್ಲವನ್ನೂ ಸಮನಾಗಿ ಕೊಟ್ಟೆ. ಕಬ್ಬಿಣದ ಆ ಕೆಂಪು ಕೆನೆ ಎರಡೂ ಕಡೆ ಕಟ್ಟಿತು. ಆದರೆ ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಎರಡೂ ಗದ್ದೆಗಳಿಂದ ಒಂದೊಂದು ಬುಡ ಕಿತ್ತು ತೋಡಿನ ನೀರಿನಲ್ಲಿ ತೊಳೆದು ನೋಡಿದಾಗ, ಬೂದಿ ಹಾಕದ ಕಡೆಯ ಬೇರುಗಳು ಕಪ್ಪಾಗಿ ಮೆತ್ತಗಾಗಿದ್ದವು. ಬೂದಿ ಹಾಕಿದ ಕಡೆಯವು ಕೆಂಗಂದು ಬಣ್ಣದವು, ತುದಿಗಳು ಮಾತ್ರ ಬೆಳ್ಳಗೆ ಗಟ್ಟಿಯಾಗಿದ್ದವು. ಭತ್ತದ ಬೇರು ಆಮ್ಲಜನಕವನ್ನು ಹೊರಬಿಟ್ಟು, ನೀರಿನಲ್ಲಿ ಕರಗಿದ ಕಬ್ಬಿಣವನ್ನು ತನ್ನ ಮೈಮೇಲೆಯೇ ತುಕ್ಕಾಗಿಸಿ ನಿಲ್ಲಿಸುತ್ತದೆ, ಆ ಶಕ್ತಿಯನ್ನು ಸಿಲಿಕಾನ್ ಹೆಚ್ಚಿಸುತ್ತದೆ. ಬೂದಿ ಹಾಕಿದ ಕಡೆಯ ಎಲೆಯನ್ನು ತುದಿಯಿಂದ ಬುಡಕ್ಕೆ ಬೆರಳಲ್ಲಿ ಸವರಿದರೆ ಗರಗಸದಂತೆ ತಡೆಯುತ್ತಿತ್ತು. ಎಲೆಯ ಮೈಮೇಲಿನ ಮೇಣದ ಪೊರೆಯ ಕೆಳಗೆ ಸಿಲಿಕಾ ಪದರಗಟ್ಟುವುದರಿಂದ ಎಲೆ ನೆಟ್ಟಗೆ ನಿಂತು ಹೆಚ್ಚು ಬಿಸಿಲು ಹಿಡಿಯುತ್ತದೆ, ಶಿಲೀಂಧ್ರಕ್ಕೆ ಒಳನುಗ್ಗುವುದು ಕಷ್ಟವಾಗುತ್ತದೆ, ಕಾಂಡ ಕೊರಕ ಹುಳುವಿನ ಹಲ್ಲೂ ಸವೆಯುತ್ತದೆ. ಕೊಯ್ಲಿಗೆ ಬಂದ ಅಕ್ಕನೊಬ್ಬರು ಯಾರೂ ಕೇಳದೆಯೇ, "ಈ ಗದ್ದೆ ಹುಲ್ಲು ಕೈ ಕೊಯ್ತದೆ ಮಾರಾಯ್ರೆ, ಆಚೆದು ಇಷ್ಟಿಲ್ಲ" ಎಂದದ್ದು ನನಗೆ ಯಾವ ಪ್ರಯೋಗಾಲಯದ ವರದಿಗಿಂತಲೂ ಹೆಚ್ಚಿನ ಸಂತೋಷ ಕೊಟ್ಟಿತು. ಬೂದಿ ಹಾಕಿದ ಗದ್ದೆಯಲ್ಲಿ ಪೈರು ಮಲಗಿದ್ದು ಅಂಚಿನ ಒಂದು ಮೂಲೆಯಲ್ಲಿ ಮಾತ್ರ.

ಇದೆಲ್ಲವೂ ಸಿಲಿಕಾನಿನಿಂದಲೇ ಆಯಿತೆಂದು ನಾನು ಹೇಳಲಾರೆ. ಬೂದಿಯಲ್ಲಿ ಸ್ವಲ್ಪ ಪೊಟ್ಯಾಶ್ ಇರುತ್ತದೆ, ನಮ್ಮ ಹುಳಿ ಮಣ್ಣಿನ ಹುಳಿಯನ್ನೂ ಅದು ತುಸು ತಗ್ಗಿಸುತ್ತದೆ. ಯೂರಿಯಾವನ್ನು ಹದದಲ್ಲಿ ಇಡದಿದ್ದರೆ ಬೂದಿಯಿಂದ ದೊಡ್ಡ ಉಪಕಾರವೂ ಆಗದು. ಸಿಲಿಕಾ ಹೆಚ್ಚಾದ ಹುಲ್ಲು ದನಗಳಿಗೆ ಸುಲಭವಾಗಿ ಜೀರ್ಣವಾಗುವುದಿಲ್ಲವಾದ್ದರಿಂದ ಹಸಿಮೇವನ್ನು ಜೊತೆಗೆ ಕೊಡುತ್ತಿದ್ದೇನೆ. ಹುಲ್ಲಿನ ಲಾರಿಯವರಿಗೆ ಈ ವರ್ಷ ಬರಬೇಡಿರೆಂದು ಹೇಳಿ ಕಳುಹಿಸಿದ್ದೇನೆ. ದನಗಳಿಗೆ ಬೇಕಾದಷ್ಟನ್ನು ಅಟ್ಟಕ್ಕೆ ಏರಿಸಿ, ಮಿಕ್ಕದ್ದನ್ನು ಕತ್ತರಿಸಿ ಎರಡೂ ಎಕರೆಗಳಲ್ಲಿ ಹರಡಿ ಉಳುಮೆ ಮಾಡಿಸಿದ್ದೇನೆ.